ನನ್ನ ತಟ್ಟುಮಣೆಯ ಸದ್ದು ಈಗ ಲ್ಯಾಪ್‌ಟಾಪಿನಲ್ಲಿ

ಸಾಗರದಲ್ಲಿ 22 ವರ್ಷಗಳಿಂದ ಭರತನಾಟ್ಯ ಕಲಿಸುತ್ತಿದ್ದೇನೆ. ಅಷ್ಟೂ ವರ್ಷ ನನ್ನ ಬಲಗೈಯಲ್ಲಿ ಒಂದು ಕೋಲು, ಮುಂದೆ ಹಲಸಿನ ಮರದ ತಟ್ಟುಮಣೆ. ಮಕ್ಕಳು ತಟ್ಟಡವನ್ನು, ಅಂದರೆ ಪಾದ ತಟ್ಟುವ ಮೊದಲ ಹೆಜ್ಜೆಯನ್ನು, ಹಾಕುವಾಗ ಆ ಮಣೆಯ ಮೇಲೆ ಬೀಳುವ ಒಂದೊಂದು ಪೆಟ್ಟೂ ಅವರ ಪಾದಕ್ಕೆ ಹೇಳುವ ಮಾತು. ಕಳೆದ ವರ್ಷ ಬೇಸಿಗೆಯ ಕೊನೆಗೆ ಬಲಭುಜ ಹಠ ಹಿಡಿಯಿತು. ಜಡೆ ಹೆಣೆದುಕೊಳ್ಳಲು ಕೈ ಮೇಲಕ್ಕೆ ಹೋಗುತ್ತಿರಲಿಲ್ಲ. ಮೂರು ತಿಂಗಳು ಕೋಲು ಮುಟ್ಟಬಾರದು ಎಂದು ವೈದ್ಯರು ಹೇಳಿದರು. ವಾರಕ್ಕೆ 11 ತರಗತಿ, ಅರವತ್ತಕ್ಕೂ ಹೆಚ್ಚು ಮಕ್ಕಳು. ಕೋಲಿಲ್ಲದೆ ಅವರನ್ನು ಕುಣಿಸುವುದು ಹೇಗೆ?

ಬಾಯಲ್ಲಿ ಸೊಲ್ಲುಕಟ್ಟು (ಹೆಜ್ಜೆಗೆ ಹೇಳುವ ಲಯದ ನುಡಿ) ಹೇಳಿ, ಎಡಗೈಯಲ್ಲಿ ತೊಡೆಗೆ ತಟ್ಟಿ ಎರಡು ವಾರ ನೂಕಿದೆ. ಹಿಂದಿನ ಸಾಲಿನ ಮಕ್ಕಳಿಗೆ ಕೇಳಿಸುತ್ತಿರಲಿಲ್ಲ. ಮಹಡಿಯ ಮೇಲಿನ ನಮ್ಮ ಕೋಣೆಗೆ ತಗಡಿನ ಮಾಡು, ಜೂನ್ ಬಂದರೆ ಮಳೆಯದೇ ಕಛೇರಿ. ಬೆಂಗಳೂರಿನ ರೇಡಲ್ ಸಂಸ್ಥೆಯ ತಾಳಮಾಲಾ ಯಂತ್ರವನ್ನು ಸಹೋದ್ಯೋಗಿಯೊಬ್ಬರಿಂದ ಎರವಲು ತಂದೆ. ಸಂಗೀತ ಅಭ್ಯಾಸಕ್ಕೆ ಅದು ಸೊಗಸಾದ ಸಾಧನ. ಹಾಡುವವರಿಗೆ ಬೇಕಾದ ತಾಳಗಳೆಲ್ಲ ಅದರಲ್ಲಿವೆ. ನನಗೆ ಬೇಕಿದ್ದದ್ದು ಮಾತ್ರ ಬೇರೆ. ಕಾಲು ಚಾಚಿ ಹಿಮ್ಮಡಿ ಊರುವ ನಾಟಡವಿನ ನಾಲ್ಕನೆಯ ಬಗೆಯಲ್ಲಿ ಎಲ್ಲಿ ಹಿಮ್ಮಡಿ ನೆಲಕ್ಕೆ ಬೀಳುತ್ತದೆಯೋ ಅಲ್ಲೇ ಪೆಟ್ಟು ಬೀಳಬೇಕು, ಎಲ್ಲಿ ಕಾಲು ಗಾಳಿಯಲ್ಲಿರುತ್ತದೆಯೋ ಅಲ್ಲಿ ಮೌನವಿರಬೇಕು. ಅಂಥ ಪೆಟ್ಟುಗಳನ್ನು ನಾನೇ ಒಂದೊಂದಾಗಿ ಜೋಡಿಸಬೇಕಿತ್ತು.

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಆಗ ಎಲ್‌ಎಂಎಂಎಸ್ ಎಂಬ ತಂತ್ರಾಂಶದ ಹೆಸರು ಹೇಳಿದ. ಕಂಪ್ಯೂಟರಿನಲ್ಲಿ ಲಯ ಮತ್ತು ಸಂಗೀತವನ್ನು ಕಟ್ಟುವ ತಂತ್ರಾಂಶ ಅದು. 2004ರಲ್ಲಿ ಲಿನಕ್ಸ್‌ಗಾಗಿ ಆರಂಭವಾಗಿ ಈಗ ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲೂ ಕೆಲಸ ಮಾಡುತ್ತದೆ. ಬೇರೆಬೇರೆ ದೇಶಗಳ ಸ್ವಯಂಸೇವಕರು ಸೇರಿ ಬೆಳೆಸಿದ್ದಾರೆ. ಮುಕ್ತ ಪರವಾನಗಿಯದು, ಅಂದರೆ ಉಚಿತ ಮಾತ್ರವಲ್ಲ, ತಿಳಿದವರು ಒಳಗಿನ ಬರಹವನ್ನೇ ತೆರೆದು ತಿದ್ದಬಹುದು. ತಿಂಗಳ ಬಾಡಿಗೆ ಇಲ್ಲ, ಖಾತೆ ತೆರೆಯಬೇಕಾಗಿಲ್ಲ, ಇಷ್ಟು ದಿನ ಕಳೆದ ಮೇಲೆ ಬಾಗಿಲು ಮುಚ್ಚಿಕೊಳ್ಳುವುದೂ ಇಲ್ಲ. ನಾನು ಬಳಸುತ್ತಿರುವುದು 2020ರಲ್ಲಿ ಬಂದ 1.2.2 ಆವೃತ್ತಿ. ನನ್ನ ಲ್ಯಾಪ್‌ಟಾಪ್ ಮಗನ ಕಾಲೇಜು ದಿನಗಳದ್ದು, 4 ಜಿಬಿ ಮೆಮೊರಿ, ಬ್ಯಾಟರಿ ಸತ್ತು ವರ್ಷಗಳಾಗಿವೆ. ಅದರಲ್ಲೇ ಇದು ಸಲೀಸಾಗಿ ಓಡುತ್ತದೆ. ಒಂದು ವರ್ಷದಿಂದ ಹೆಚ್ಚುಕಡಿಮೆ ದಿನವೂ ಬಳಸಿದ್ದೇನೆ, ಅದರ ಒಳಿತು ಕೆಡಕುಗಳನ್ನು ಹೇಳುವಷ್ಟು ಪರಿಚಯವಾಗಿದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ತೆರೆದೊಡನೆ ಕಾಣುವ ಕಿಟಕಿಗಳ ಸಂತೆ ಮೊದಲ ದಿನ ಕಂಗೆಡಿಸುತ್ತದೆ. ಸಾಂಗ್ ಎಡಿಟರ್, ಬೀಟ್+ಬೇಸ್‌ಲೈನ್ ಎಡಿಟರ್, ಪಿಯಾನೊ ರೋಲ್, ಮಿಕ್ಸರ್, ಇನ್ನೂ ಏನೇನೋ. ನಮ್ಮಂಥವರಿಗೆ ಆರಂಭದಲ್ಲಿ ಬೇಕಾದದ್ದು ಎರಡೇ. ಬೀಟ್+ಬೇಸ್‌ಲೈನ್ ಎಡಿಟರ್‌ನಲ್ಲಿ ಒಂದು ಆವರ್ತವನ್ನು, ಅಂದರೆ ತಾಳದ ಒಂದು ಸುತ್ತನ್ನು, ಕಟ್ಟುವುದು, ಸಾಂಗ್ ಎಡಿಟರ್‌ನಲ್ಲಿ ಅದನ್ನು ಬೇಕಾದಷ್ಟು ಉದ್ದಕ್ಕೆ ಎಳೆಯುವುದು. ಉಳಿದ ಕಿಟಕಿಗಳನ್ನು ಮುಚ್ಚಿಡಿ.

ಬೀಟ್+ಬೇಸ್‌ಲೈನ್ ಎಡಿಟರ್‌ನಲ್ಲಿ ಪ್ರತಿ ವಾದ್ಯದ ಎದುರಿಗೆ ಒಂದು ಸಾಲು, ಸಾಲಿನಲ್ಲಿ 16 ಮನೆಗಳು. ಚೌಕಾಬಾರದ ಮನೆಗಳಂತೆಯೇ. ಮನೆಯ ಮೇಲೆ ಒತ್ತಿದರೆ ಅದು ಹೊಳೆಯುತ್ತದೆ, ಅಲ್ಲಿ ಪೆಟ್ಟು ಬೀಳುತ್ತದೆ. ಮತ್ತೊಮ್ಮೆ ಒತ್ತಿದರೆ ಮೌನ. ಮೌಸಿನ ಚಕ್ರವನ್ನು ಮನೆಯ ಮೇಲಿಟ್ಟು ತಿರುಗಿಸಿದರೆ ಆ ಒಂದು ಪೆಟ್ಟು ಮಾತ್ರ ಜೋರಾಗುತ್ತದೆ ಅಥವಾ ಮೆತ್ತಗಾಗುತ್ತದೆ. ತಾಳ ಶುರುವಾಗುವ ಸಮದ ಪೆಟ್ಟಿಗೆ ತೂಕ ಕೊಡುವ ಈ ಉಪಾಯ ಗೊತ್ತಾಗಲು ನನಗೆ ಒಂದು ತಿಂಗಳು ಬೇಕಾಯಿತು, ನೀವು ಮೊದಲ ದಿನವೇ ಮಾಡಿ ನೋಡಿ. ಈ 16 ಮನೆಗಳ ಸಾಲು ತಾಳಯಂತ್ರಗಳಿಂದ ಬಂದ ಪದ್ಧತಿ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಯಂತ್ರದ ಮುಖದ ಮೇಲೂ ಇಂಥದ್ದೇ 16 ಗುಂಡಿಗಳಿದ್ದವು. ಮುಂಬೈನ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಅದೇ ಯಂತ್ರದ ಲಯದ ಮೇಲೆ ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ್ದರು. ಇದನ್ನು ತಿಳಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು. ಈ ಮನೆಗಳೊಳಗೆ ನಮ್ಮ ಸಂಗೀತ ನನಗಿಂತ ಎಷ್ಟೋ ಮೊದಲೇ ಹೊಕ್ಕು ಬಂದಿತ್ತು.

ತಂತ್ರಾಂಶದ ಜೊತೆಗೇ ಡ್ರಮ್‌ಗಳ, ತಾಳಗಳ ಧ್ವನಿತುಣುಕುಗಳು ಸಾಕಷ್ಟು ಬರುತ್ತವೆ. ಮೊದಲ ವಾರ ಅವುಗಳಿಂದಲೇ ಕಟ್ಟಿದೆ. ಮಕ್ಕಳು ಕುಣಿಯಲು ನಿಂತರು, ಆದರೆ ಕಾಲು ನೆಲಕ್ಕೆ ಊರಲಿಲ್ಲ. ಕಿಕ್ ಡ್ರಮ್ಮಿನ ಗುಮ್ಮೆನ್ನುವ ಸದ್ದಿಗೆ ಮಂಡಿ ಸಡಿಲವಾಗುತ್ತದೆ, ಮಂಡಿ ಬಾಗಿಸಿ ನಿಲ್ಲುವ ಅರೆಮಂಡಿಯ ಬಿಗಿ ಹೋಗುತ್ತದೆ. ಇದು ನನ್ನ ಕಣ್ಣಿಗೆ ಕಂಡದ್ದು. ಮರದ ಮೇಲೆ ಮರ ಬಿದ್ದಾಗ ಹೊರಡುವ ಒಣ ಸದ್ದಿಗೆ ಮಾತ್ರ ಪಾದ ಚಪ್ಪಟೆಯಾಗಿ ಬೀಳುತ್ತದೆ. ನನ್ನ ಮಣೆಯ ಸದ್ದನ್ನೇ ಒಳಗೆ ಹಾಕಬೇಕು ಎಂದು ಆಗಲೇ ತೀರ್ಮಾನಿಸಿದೆ.

ಇಲ್ಲಿ ಎಲ್‌ಎಂಎಂಎಸ್‌ನ ಮೊದಲ ಕೊರತೆ ಎದುರಾಗುತ್ತದೆ. ಈ ಆವೃತ್ತಿಯಲ್ಲಿ ಧ್ವನಿಮುದ್ರಣದ ಸೌಲಭ್ಯವಿಲ್ಲ. ಮೈಕ್ ಜೋಡಿಸಿ ನೇರವಾಗಿ ಒಳಗೆ ಹಾಡಲಾಗದು. ಬೇರೆ ಕಡೆ ಮುದ್ರಿಸಿ ತಂದು ಸೇರಿಸಬೇಕು. ನಾನು ಮೊಬೈಲಿನಲ್ಲಿ ಮುದ್ರಿಸಿ, ಆಡಾಸಿಟಿ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಕತ್ತರಿಸಿದೆ. ಮಳೆಗಾಲದ ಸಾಗರದಲ್ಲಿ ನಿಶ್ಶಬ್ದ ಹುಡುಕುವುದೇ ದೊಡ್ಡ ಕೆಲಸ. ತಗಡಿನ ಮೇಲೆ ಮಳೆ, ಮಳೆ ನಿಂತರೆ ಕಪ್ಪೆ, ಕಪ್ಪೆ ಸುಮ್ಮನಾದರೆ ಪಕ್ಕದ ಮನೆಯ ಮಿಕ್ಸಿ. ಒಂದು ದಿನ ಬೆಳಗಿನ ಐದು ಗಂಟೆಗೆ ಎದ್ದು, ಕೋಣೆಯ ಮೂರು ಗೋಡೆಗಳಿಗೂ ಕಂಬಳಿ ಇಳಿಬಿಟ್ಟು, ಫ್ಯಾನ್ ಆರಿಸಿ, ಮೊಬೈಲನ್ನು ಮಣೆಯಿಂದ ಒಂದು ಗೇಣು ದೂರದಲ್ಲಿ ಮಡಿಚಿದ ಸೀರೆಯ ಮೇಲೆ ಇಟ್ಟೆ. ಎಡಗೈಯಲ್ಲಿ ಕೋಲು ಹಿಡಿದು ಮಣೆಯ ನಡುವೆ, ಅಂಚಿಗೆ, ಜೋರಾಗಿ, ಹಗುರವಾಗಿ ಬಡಿದೆ. ನಲವತ್ತು ಪೆಟ್ಟುಗಳಲ್ಲಿ ಕೊನೆಗೆ ನಾಲ್ಕನ್ನು ಉಳಿಸಿಕೊಂಡೆ. ನೃತ್ಯವನ್ನು ನಡೆಸುವ ನಟ್ಟುವಾಂಗದ ಕೈತಾಳದ್ದೂ ಎರಡು ನಾದ ಮುದ್ರಿಸಿದೆ. ಒಂದು ತೆರೆದ ನಾದ, ಇನ್ನೊಂದು ಒತ್ತಿ ಹಿಡಿದದ್ದು.

ಇಲ್ಲೊಂದು ಎಚ್ಚರಿಕೆ. ಕತ್ತರಿಸುವಾಗ ಪೆಟ್ಟಿನ ಮುಂದೆ ಕೂದಲೆಳೆಯಷ್ಟು ಮೌನವೂ ಉಳಿಯಬಾರದು. ಉಳಿದರೆ ಆ ಪೆಟ್ಟು ಪ್ರತಿ ಸಲವೂ ಅಷ್ಟು ತಡವಾಗಿಯೇ ಬೀಳುತ್ತದೆ. ನನ್ನ ಮೊದಲ ಕಡತಗಳಲ್ಲಿ ತಾಳದ ನಾದ ಮಣೆಯ ಪೆಟ್ಟಿಗಿಂತ ಹಿಂದೆ ಬಿದ್ದು, ಇಬ್ಬರು ಬೇರೆಬೇರೆಯಾಗಿ ನುಡಿಸಿದಂತೆ ಕೇಳಿಸುತ್ತಿತ್ತು. ದೋಷ ತಂತ್ರಾಂಶದ್ದೆಂದು ಎರಡು ದಿನ ಹುಡುಕಾಡಿ, ಕೊನೆಗೆ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಕಾರಣ ಸಿಕ್ಕಿತು.

ಹೀಗೆ ತಯಾರಾದ ತುಣುಕನ್ನು ಎಲ್‌ಎಂಎಂಎಸ್‌ನ ಆಡಿಯೊ ಫೈಲ್ ಪ್ರೊಸೆಸರ್ ಎಂಬ ಉಪಕರಣಕ್ಕೆ ಎಳೆದು ಹಾಕಬೇಕು. ಅಷ್ಟೇ, ಅದು ವಾದ್ಯವಾಗುತ್ತದೆ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಸುತ್ತುಗುಂಡಿಗಳಿಂದ ತಿದ್ದಬಹುದು, ತಿರುವು ಮುರುವು ಮಾಡಬಹುದು. ಪಿಯಾನೊ ರೋಲ್‌ನಲ್ಲಿ ಕೆಳಗಿನ ಸ್ವರಕ್ಕೆ ಇಳಿಸಿದರೆ ಅದೇ ಮಣೆ ದಪ್ಪ ಮರದಂತೆ ನುಡಿಯುತ್ತದೆ. ಮನೆಗಳಲ್ಲಿ ಇಟ್ಟ ಪೆಟ್ಟಿನ ನಾದವನ್ನು ಅದು ನಡುವೆ ಕತ್ತರಿಸುವುದಿಲ್ಲ. ತಾಳದ ಗುಂಯ್‌ಗಾರ ಕೊನೆಯವರೆಗೂ ತನ್ನಷ್ಟಕ್ಕೆ ಕರಗುತ್ತದೆ. ನನ್ನ ಮಣೆಯ ಸದ್ದು ಸ್ಪೀಕರಿನಿಂದ ಮೊದಲ ಸಲ ಹೊರಟಾಗ ಒಳಗಿನ ಕೋಣೆಯಲ್ಲಿದ್ದ ನನ್ನ ತಾಯಿ, ಕೈನೋವಿಟ್ಟುಕೊಂಡು ಮತ್ತೆ ಯಾಕೆ ಬಡಿಯುತ್ತೀಯೆ ಎಂದು ಗದರಿದರು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಬೇಕಿರಲಿಲ್ಲ.

ಈ ತಂತ್ರಾಂಶದ ಬಗ್ಗೆ ನಾನು ಬರೆಯಲು ಕುಳಿತದ್ದಕ್ಕೆ ನಿಜವಾದ ಕಾರಣ ಮುಂದಿನದು. ನಮ್ಮಲ್ಲಿ ಮೂರು ಕಾಲಗಳೆಂದರೆ ವೇಗ ಹೆಚ್ಚಿಸುವುದಲ್ಲ. ತಾಳದ ನಡೆ ಕದಲಬಾರದು. ಮೊದಲ ಕಾಲದಲ್ಲಿ ಅಕ್ಷರಕ್ಕೆ, ಅಂದರೆ ತಾಳದ ಒಂದು ಎಣಿಕೆಗೆ, ಒಂದು ಪೆಟ್ಟು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಇದನ್ನು ಎಂಟು ವರ್ಷದ ಮಗುವಿಗೆ ಬಾಯಲ್ಲಿ ಹೇಳಿ ಅರ್ಥ ಮಾಡಿಸುವುದು ಬಹಳ ಕಷ್ಟ. ಎರಡನೆಯ ಕಾಲ ಎಂದೊಡನೆ ಮಗು ಓಡಲು ಶುರುಮಾಡುತ್ತದೆ, ತಾಳವನ್ನೂ ಎಳೆದುಕೊಂಡು. ಎಷ್ಟೋ ವರ್ಷ ಎಷ್ಟೋ ಮಕ್ಕಳಿಗೆ ಈ ಒಂದು ಮಾತನ್ನು ಗಂಟಲು ನೋಯುವಷ್ಟು ಹೇಳಿದ್ದೇನೆ. ಈಗ ಪರದೆಯ ಮೇಲೆ ಎಂಟು ಅಕ್ಷರದ ಆದಿತಾಳವನ್ನು 32 ಮನೆಗಳಲ್ಲಿ ಬಿಡಿಸುತ್ತೇನೆ, ಅಕ್ಷರಕ್ಕೆ ನಾಲ್ಕರಂತೆ. ಮೇಲಿನ ಸಾಲಿನಲ್ಲಿ ತಾಳದ ನಾದ, ಪ್ರತಿ ನಾಲ್ಕನೆಯ ಮನೆಗೆ ಒಂದು, ಅದು ಬದಲಾಗುವುದೇ ಇಲ್ಲ. ಕೆಳಗಿನ ಸಾಲಿನಲ್ಲಿ ಮಣೆ. ಮೊದಲ ಕಾಲಕ್ಕೆ ನಾಲ್ಕು ಮನೆಗೊಂದು ದೀಪ, ಎರಡನೆಯದಕ್ಕೆ ಎರಡು ಮನೆಗೊಂದು, ಮೂರನೆಯದಕ್ಕೆ ಸಾಲಿಡೀ ಬೆಳಕು. ಮನೆಗಳು ನಾಲ್ಕು ನಾಲ್ಕರ ಗುಂಪಾಗಿ ಎರಡು ಬಣ್ಣಗಳಲ್ಲಿ ಇರುವುದರಿಂದ ಒಂದೊಂದು ಅಕ್ಷರವೂ ಕಣ್ಣಿಗೆ ಬೇರೆಬೇರೆಯಾಗಿ ಕಾಣುತ್ತದೆ. ಒಬ್ಬ ಹುಡುಗಿ ಅದನ್ನು ನೋಡಿ, ಮನೆ ದೊಡ್ಡದಾಗುವುದಿಲ್ಲ, ಒಳಗಿನ ಜನ ಜಾಸ್ತಿಯಾಗುತ್ತಾರೆ ಎಂದಳು. ಅವಳ ಆ ಮಾತನ್ನು ಈಗ ಎಲ್ಲ ತರಗತಿಗಳಲ್ಲೂ ಹೇಳುತ್ತೇನೆ.

ಆಮೇಲೆ ಮಿಶ್ರ ಅಲರಿಪು ಬಂತು. ಅಲರಿಪು ಎಂದರೆ ಪ್ರದರ್ಶನದ ಮೊದಲಿಗೆ ಬರುವ ನೃತ್ಯ, ಮಿಶ್ರ ಎಂದರೆ ಏಳರ ಎಣಿಕೆ. ತಕಿಟ ತಕಧಿಮಿ, ಮೂರು ನಾಲ್ಕು ಸೇರಿ ಏಳು. ಮೇಲಿನ ಪಟ್ಟಿಯಲ್ಲಿ ತಾಳದ ಅಳತೆಯ ಎರಡು ಅಂಕೆಗಳಿರುತ್ತವೆ. ತೆರೆದಾಗ 4/4 ಇರುತ್ತದೆ. ಅಂತರ್ಜಾಲದಲ್ಲಿ ಹೇಳಿದವರ ಮಾತು ಕೇಳಿ ನಾನು 7/8 ಎಂದು ಬದಲಿಸಿದೆ. 14 ಮನೆಗಳು ಬಂದವು, ಲೆಕ್ಕ ಸರಿಯಿತ್ತು, ಆದರೆ ಬಣ್ಣದ ಗುಂಪುಗಳು ನಾಲ್ಕು, ನಾಲ್ಕು, ನಾಲ್ಕು, ಎರಡು ಎಂದು ಒಡೆದವು. ತಕಿಟ ಎಲ್ಲಿ ಮುಗಿದು ತಕಧಿಮಿ ಎಲ್ಲಿ ಏಳುತ್ತದೆಂದು ಪರದೆ ಹೇಳುತ್ತಲೇ ಇರಲಿಲ್ಲ. ಬಣ್ಣ ಬದಲಿಸುವ ಆಯ್ಕೆಗಾಗಿ ಹುಡುಕಿ ಸೋತೆ. ಒಂದು ರಾತ್ರಿ ಮಲಗಿದಾಗ ಹೊಳೆಯಿತು. 7/8 ಬೇಡ, 7/4 ಇರಲಿ. ಆಗ 28 ಮನೆಗಳು ಬರುತ್ತವೆ, ಅಂದರೆ ನಾಲ್ಕು ಮನೆಗಳ ಏಳು ಗುಂಪು. ಒಂದು ಗುಂಪು ಒಂದು ಅಕ್ಷರ. ಮೊದಲ ಮೂರು ಗುಂಪು ತಕಿಟ, ಮುಂದಿನ ನಾಲ್ಕು ತಕಧಿಮಿ. ಜೊತೆಗೆ ಮೂರೂ ಕಾಲಗಳಿಗೆ ಒಳಗೇ ಜಾಗ. ಎದ್ದು ಹೋಗಿ ಆಗಲೇ ಮಾಡಿ ನೋಡಿದೆ, ಬೆಳಗಿನ ತನಕ ಕಾಯುವುದಾಗಲಿಲ್ಲ. ಐದರ ಎಣಿಕೆಯ ಖಂಡಚಾಪುಗೂ ಹೀಗೆಯೇ 5/4, ಇಪ್ಪತ್ತು ಮನೆಗಳು. ಒಂದು ಮಾತು ನೆನಪಿರಲಿ: ಪೆಟ್ಟುಗಳನ್ನು ಇಡುವ ಮೊದಲೇ ಈ ಅಂಕೆಗಳನ್ನು ಬದಲಿಸಿಕೊಳ್ಳಿ. ಕಟ್ಟಿದ ಮೇಲೆ ಬದಲಿಸಲು ಹೋದಾಗ ನನ್ನ ಹಳೆಯ ಪೆಟ್ಟುಗಳು ಮನೆಗಳ ಎಣಿಕೆಯನ್ನೇ ಕೆಡಿಸಿದವು. ಅಳತೆ ಇಡೀ ಕಡತಕ್ಕೆ ಸೇರಿದ್ದು, ಆದ್ದರಿಂದ ಒಂದು ತಾಳಕ್ಕೆ ಒಂದು ಕಡತ ಎಂಬ ಶಿಸ್ತು ಒಳ್ಳೆಯದು.

ಗತಿಭೇದದ ವಿಷಯಕ್ಕೆ, ಅಂದರೆ ಒಂದು ಅಕ್ಷರವನ್ನು ಮೂರು, ನಾಲ್ಕು, ಐದು, ಏಳು, ಒಂಬತ್ತಾಗಿ ಒಡೆಯುವುದಕ್ಕೆ ಬಂದರೆ ಸ್ವಲ್ಪ ಲೆಕ್ಕ ಬೇಕು. ಲಯದಲ್ಲಿ ಆಸಕ್ತಿಯಿರುವ ಮೃದಂಗದವರು, ಖಂಜಿರದವರು ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಎಲ್‌ಎಂಎಂಎಸ್ ಒಂದು ಬೀಟನ್ನು ಒಳಗೊಳಗೆ 48 ತುಣುಕುಗಳಾಗಿ ಒಡೆದುಕೊಳ್ಳುತ್ತದೆ. 48ನ್ನು ನಾಲ್ಕರಿಂದ ಭಾಗಿಸಬಹುದು, ಮೂರರಿಂದ ಭಾಗಿಸಬಹುದು. ಆದ್ದರಿಂದ ಚತುರಶ್ರಕ್ಕೂ ತಿಶ್ರಕ್ಕೂ ತೊಂದರೆಯಿಲ್ಲ. ಐದರಿಂದ, ಏಳರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಹೀಗಾಗಿ ಒಂದು ಬೀಟಿನೊಳಗೆ ಖಂಡಗತಿಯ ಐದು ಪೆಟ್ಟುಗಳನ್ನು ಸಮನಾಗಿ ಕೂರಿಸಲು ಅದಕ್ಕೆ ಸಾಧ್ಯವೇ ಇಲ್ಲ. ಪಿಯಾನೊ ರೋಲ್‌ನಲ್ಲಿ ಕಣ್ಣಳತೆಯಿಂದ ಇಟ್ಟರೆ ಕಿವಿಗೆ ಕುಂಟುವುದು ಗೊತ್ತಾಗುತ್ತದೆ. ಪಾಶ್ಚಾತ್ಯ ತಾಳಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಸಾಧನದಲ್ಲಿ ಇದು ಸಹಜ.

ಬೀಟಿನ ಹಂಗನ್ನು ಬಿಟ್ಟು ಮನೆಗಳನ್ನೇ ನಂಬಿದರೆ ಇದಕ್ಕೆ ದಾರಿಯಿದೆ. ಐದು ಮನೆಗಳನ್ನು ಒಂದು ಅಕ್ಷರವೆಂದು ನಾವೇ ಎಣಿಸಿಕೊಳ್ಳುವುದು. 5/4 ಅಳತೆಯ ಎರಡು ಪಟ್ಟಿಗಳಲ್ಲಿ 40 ಮನೆಗಳು, ಎಂಟು ಅಕ್ಷರ, ಖಂಡಗತಿಯ ಒಂದು ಆದಿತಾಳ. ಬಣ್ಣಗಳು ಇಲ್ಲಿ ಸುಳ್ಳು ಹೇಳುತ್ತವೆ, ಅವನ್ನು ಮರೆತು ಮೇಲಿನ ಸಾಲಿನಲ್ಲಿ ಪ್ರತಿ ಐದನೆಯ ಮನೆಗೆ ತಾಳದ ನಾದ ಇಟ್ಟುಕೊಳ್ಳಿ. ವೇಗದ ಅಂಕೆ ಎಷ್ಟಿರಬೇಕು ಎಂಬ ಪ್ರಶ್ನೆಗೆ ಒಂದು ಸುಲಭ ಸೂತ್ರ ಸಿಕ್ಕಿತು. ನಿಮಿಷಕ್ಕೆ 60 ಅಕ್ಷರ ಬೇಕೆಂದರೆ ಗತಿಯನ್ನು 15ರಿಂದ ಗುಣಿಸಿ. ತಿಶ್ರಕ್ಕೆ 45, ಚತುರಶ್ರಕ್ಕೆ 60, ಖಂಡಕ್ಕೆ 75, ಮಿಶ್ರಕ್ಕೆ 105, ಸಂಕೀರ್ಣಕ್ಕೆ 135. ಐದೂ ಕಡತಗಳನ್ನು ಒಂದರ ಹಿಂದೆ ಒಂದು ಹಾಕಿದರೆ ತಾಳ ಅಲ್ಲಾಡುವುದಿಲ್ಲ, ಒಳಗಿನ ಗತಿ ಮಾತ್ರ ಬದಲಾಗುತ್ತದೆ. ತಂತ್ರಾಂಶವನ್ನು ತೆರೆದಾಗ ವೇಗ 140ಕ್ಕೆ ನಿಂತಿರುತ್ತದೆ. ಅದು ನೃತ್ಯಕೂಟಗಳ ಲಯ, ನಮ್ಮ ವಿಲಂಬಕಾಲಕ್ಕೆ ಎಷ್ಟೋ ದೂರ.

ಆವರ್ತವನ್ನು ಕಟ್ಟಿದ ಮೇಲೆ ಸಾಂಗ್ ಎಡಿಟರ್‌ನಲ್ಲಿ ಅದರ ಬಲ ಅಂಚು ಹಿಡಿದು ಎಳೆದರೆ ಸಾಕು, ಆವರ್ತಗಳು ತಾವಾಗಿ ಸೇರಿಕೊಳ್ಳುತ್ತವೆ. ನಿಮಿಷಕ್ಕೆ 60 ಅಕ್ಷರದ ಆದಿತಾಳ ಒಂದು ಆವರ್ತಕ್ಕೆ ಎಂಟು ಸೆಕೆಂಡು ತೆಗೆದುಕೊಳ್ಳುತ್ತದೆ, ಹತ್ತು ನಿಮಿಷಕ್ಕೆ 75 ಆವರ್ತ. ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ತಂಬೂರಿಯ ಶ್ರುತಿ ಮುದ್ರಿಸಿದ್ದನ್ನು ಇಡುತ್ತೇನೆ. ಹೊರಗೆ ತೆಗೆಯುವಾಗ ವೇವ್, ಫ್ಲ್ಯಾಕ್, ಓಗ್, ಎಂಪಿ3 ಯಾವುದಾದರೂ ಆಗಬಹುದು. ಕೊನೆಯ ಮೌನವನ್ನು ತೆಗೆದುಹಾಕುವ ಒಂದು ಗುರುತುಚೌಕ ಅಲ್ಲಿದೆ, ಅದನ್ನು ಮರೆಯಬೇಡಿ. ಮರೆತರೆ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿಕೊಂಡಾಗ ಆವರ್ತದ ಕೊನೆಗೆ ತಾಳ ಎಡವುತ್ತದೆ. ನಾನು ಹತ್ತು ಹತ್ತು ನಿಮಿಷದ ಎಂಪಿ3 ಮಾಡಿ ಪೋಷಕರ ಮೊಬೈಲಿಗೆ ಕಳುಹಿಸುತ್ತೇನೆ. ಮನೆಯಲ್ಲಿ ಅಭ್ಯಾಸ ಮಾಡುವ ಮಕ್ಕಳ ಸಂಖ್ಯೆ ಹೆಚ್ಚಿರುವುದು ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಯಾಕೆಂದರೆ ಮನೆಯಲ್ಲೂ ಅವರಿಗೆ ಕೇಳಿಸುತ್ತಿರುವುದು ತರಗತಿಯ ಅದೇ ಮಣೆ.

ಒಳಗಿರುವ ಉಳಿದ ವಾದ್ಯಗಳನ್ನು ನಾನು ಹೆಚ್ಚು ಬಳಸಿಲ್ಲ. ಟ್ರಿಪಲ್ ಆಸಿಲೇಟರ್, ಹಳೆಯ ಗೇಮ್ ಬಾಯ್ ಆಟಿಕೆಯ ಸದ್ದು ಮಾಡುವ ಫ್ರೀಬಾಯ್, ದೊಡ್ಡ ಕಡಲಿನಂಥ ಝಿನ್‌ಆಡ್‌ಸಬ್‌ಎಫ್‌ಎಕ್ಸ್ ಎಲ್ಲವೂ ಇವೆ. ಹೊಸ ಬಗೆಯ ಹಾಡು ಕಟ್ಟುವ ಯುವಕರಿಗೆ ಅವು ಇಷ್ಟವಾಗಬಹುದು. ಶಾಲಾ ವಾರ್ಷಿಕೋತ್ಸವದ ಒಂದು ಜಾನಪದ ನೃತ್ಯಕ್ಕಾಗಿ ಕಿಕ್ಕರ್ ಎಂಬ ಉಪಕರಣದಿಂದ ಡೊಳ್ಳಿನ ಸದ್ದು ಹುಟ್ಟಿಸಲು ಪ್ರಯತ್ನಿಸಿದೆ. ಎಲ್ಲಿಂದ ಎಲ್ಲಿಗೆ ಸದ್ದು ಇಳಿಯಬೇಕು, ಎಷ್ಟು ಹೊತ್ತು ಇರಬೇಕು ಎಂದು ತಿರುಗಿಸುತ್ತ ಹೋದರೆ ಆಳವಾದ ಗುಡುಗೇನೋ ಬರುತ್ತದೆ, ಆದರೆ ಚರ್ಮದ ಮೈ ಬರುವುದಿಲ್ಲ. ಡೊಳ್ಳಿನಲ್ಲಿ ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ. ಆ ಎರಡರ ಸಂಭಾಷಣೆಯೇ ಅದರ ಜೀವ. ಕೊನೆಗೆ ಊರಿನ ತಂಡದ ಹಿರಿಯರೊಬ್ಬರನ್ನು ಬೇಡಿಕೊಂಡು, ಗದ್ದೆಯ ಬದಿಯಲ್ಲಿ ನಿಂತು ಹನ್ನೆರಡು ಪೆಟ್ಟು ಮುದ್ರಿಸಿ ತಂದೆ. ಅವರ ಪೆಟ್ಟಿನಿಂದಲೇ ಕಟ್ಟಿದ ಲಯವನ್ನು ಅವರಿಗೆ ಕೇಳಿಸಿದಾಗ, ಇದರಲ್ಲಿ ನಾನು ಉಸಿರು ಎಳೆದುಕೊಂಡದ್ದು ಎಲ್ಲಿ ಹೋಯಿತು ಎಂದು ಕೇಳಿದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಎಲ್‌ಎಂಎಂಎಸ್‌ನಲ್ಲಿ ಎಲ್ಲ ಪೆಟ್ಟುಗಳೂ ಮನೆಯ ನಡುವೆಯೇ ಬೀಳುತ್ತವೆ. ಕೈ ಹಾಗೆ ಮಾಡುವುದಿಲ್ಲ. ಈ ವಿಷಯದಲ್ಲಿ ಹೈಡ್ರೋಜನ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಮುಂದಿದೆ. ಅದು ತಾಳವಾದ್ಯಗಳಿಗಾಗಿಯೇ ಮಾಡಿದ್ದು. ಪೆಟ್ಟಿನ ಬಲವನ್ನೂ ಹೊತ್ತನ್ನೂ ಕೊಂಚ ಕೊಂಚ ಅಲುಗಿಸಿ ಮನುಷ್ಯರ ಕೈಯಂತೆ ಮಾಡುವ ಸುತ್ತುಗುಂಡಿಗಳು ಅದರಲ್ಲಿವೆ. ಒಂದೇ ವಾದ್ಯಕ್ಕೆ ಹಗುರ ಪೆಟ್ಟಿನದೊಂದು, ಜೋರು ಪೆಟ್ಟಿನದೊಂದು ಧ್ವನಿತುಣುಕನ್ನು ಪದರಪದರವಾಗಿ ಇಡಬಹುದು. ಮೆತ್ತಗೆ ಎಂದಾಗ ನಿಜವಾಗಿ ಮೆತ್ತಗೆ ಹೊಡೆದ ಸದ್ದೇ ಬರುತ್ತದೆ, ಜೋರು ಸದ್ದನ್ನು ಕುಗ್ಗಿಸಿದ್ದಲ್ಲ. ಕೀಲಿಮಣೆಯ ಅಲ್ಪವಿರಾಮದ ಗುಂಡಿಯನ್ನು ತಾಳಕ್ಕೆ ಸರಿಯಾಗಿ ಒತ್ತಿದರೆ ವೇಗವನ್ನು ತಾನೇ ಅಳೆದುಕೊಳ್ಳುತ್ತದೆ. ಬರೀ ತಾಳವಾದ್ಯದವರು ಹೈಡ್ರೋಜನ್‌ನಿಂದಲೇ ಆರಂಭಿಸಲಿ ಎಂಬುದು ನನ್ನ ಅಭಿಪ್ರಾಯ. ನಾನು ಎಲ್‌ಎಂಎಂಎಸ್‌ನಲ್ಲಿ ಉಳಿದದ್ದು ಶ್ರುತಿ, ಹಾಡಿನ ತುಣುಕು, ತಾಳ ಎಲ್ಲವನ್ನೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಇಡಬಹುದೆಂಬ ಕಾರಣಕ್ಕೆ, ಮತ್ತು ಆ ಬಣ್ಣದ ಮನೆಗಳು ಮಕ್ಕಳಿಗೆ ಪಾಠವಾದದ್ದಕ್ಕೆ.

ಮಗು ಎಡವಿದಾಗ ತಾಳ ನಿಲ್ಲುವುದಿಲ್ಲ. ಕಾಯುವುದು ಯಾವ ತಂತ್ರಾಂಶದಿಂದಲೂ ಆಗದ ಕೆಲಸ. ನಟ್ಟುವಾಂಗ ಮಾಡುವವರ ಕಣ್ಣು ಪಾದದ ಮೇಲಿರುತ್ತದೆ. ಭಯದಿಂದ ಉಸಿರು ಕಟ್ಟಿದ ಮಗುವಿಗೆ ಅರೆಕ್ಷಣ ಕಾದು ಮುಂದಿನ ಪೆಟ್ಟನ್ನು ಕೊಡುತ್ತೇವೆ. ಅದಕ್ಕಾಗಿ ಸೊಲ್ಲುಗಳ ಮೇಲೆ ಕಟ್ಟಿದ ಜತಿಗಳಿಗೂ ಅವನ್ನು ಮುಗಿಸುವ ತೀರ್ಮಾನಗಳಿಗೂ ನಾನು ಇದನ್ನು ಬಳಸುವುದಿಲ್ಲ, ರಂಗಪ್ರವೇಶದ ಹತ್ತಿರವಂತೂ ತರುವುದೇ ಇಲ್ಲ. ಅಡವುಗಳ ದಿನನಿತ್ಯದ ಅಭ್ಯಾಸಕ್ಕೆ, ಅಲರಿಪಿನ ಲೆಕ್ಕ ಗಟ್ಟಿಮಾಡಲು ಮಾತ್ರ.

ಆದರೆ ಆ ಅಭ್ಯಾಸದ ಹೊತ್ತಿನಲ್ಲೇ ನಾನು ಎಣಿಸಿರದ ಒಂದು ಲಾಭ ಸಿಕ್ಕಿತು. 22 ವರ್ಷ ನಾನು ನೆಲದ ಮೇಲೆ ಕುಳಿತು ಮಕ್ಕಳನ್ನು ಮುಂದಿನಿಂದ ಮಾತ್ರ ನೋಡಿದ್ದೆ. ಕೋಲು ಕೈಯಲ್ಲಿದ್ದರೆ ಏಳಲಾಗುವುದಿಲ್ಲ. ಈಗ ಸ್ಪೀಕರ್ ತಟ್ಟುತ್ತದೆ, ನಾನು ಸಾಲುಗಳ ನಡುವೆ ಓಡಾಡುತ್ತೇನೆ. ಹಿಂದಿನಿಂದ ನೋಡಿದಾಗ ಎಷ್ಟು ಮಕ್ಕಳ ಹಿಮ್ಮಡಿ ಒಳಕ್ಕೆ ಹೊರಳುತ್ತದೆ, ಎಷ್ಟು ಮಕ್ಕಳ ಸೊಂಟ ಬಲಕ್ಕೆ ವಾಲುತ್ತದೆ! ಮುಂದಿನಿಂದ ಸುಂದರವಾಗಿ ಕಾಣುತ್ತಿದ್ದ ಅರೆಮಂಡಿಗಳಲ್ಲಿ ಐದಾರು ಹಿಂದಿನಿಂದ ಬರೀ ಬಾಗಿದ ಬೆನ್ನುಗಳಾಗಿದ್ದವು. ಬೆನ್ನಿಗೆ ಒಂದು ಬೆರಳು ಮುಟ್ಟಿಸಿದರೆ ಮಗು ನೇರವಾಗುತ್ತದೆ. ಭುಜ ವಾಸಿಯಾಗಿ ಆರು ತಿಂಗಳಾದರೂ ನಾನು ಅಭ್ಯಾಸದ ತರಗತಿಗಳಿಗೆ ಕೋಲಿಗೆ ಮರಳದೆ ಇರುವುದು ಇದರಿಂದಲೇ.

ಇನ್ನೊಂದು ಉಪಕಾರವನ್ನೂ ಹೇಳಬೇಕು. ಜುಲೈ ತಿಂಗಳಿನಲ್ಲಿ ನಮ್ಮೂರಿನಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ಬ್ಯಾಟರಿಯಿಲ್ಲದ ನನ್ನ ಲ್ಯಾಪ್‌ಟಾಪ್ ಅದರೊಂದಿಗೇ ಕಣ್ಣು ಮುಚ್ಚುತ್ತದೆ. ಮೂರು ಗಂಟೆ ಕುಳಿತು ಕಟ್ಟಿದ ಕುದಿಟ್ಟಮೆಟ್ಟು ಎಂಬ ಅಡವಿನ ಸರಣಿ ಹಾಗೆ ಹೋಯಿತೆಂದು ಎದೆ ಒಡೆದುಕೊಂಡಿದ್ದೆ. ಮತ್ತೆ ತೆರೆದಾಗ, ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ, ಉಳಿಸಿಟ್ಟದ್ದನ್ನು ಮರಳಿ ತರಲೇ ಎಂದು ಅದೇ ಕೇಳಿತು. ಕೊನೆಯ ಕೆಲವು ಪೆಟ್ಟುಗಳ ಹೊರತು ಎಲ್ಲವೂ ಇತ್ತು. ಹಣ ಪಡೆಯದೆ, ಎಲ್ಲೋ ಕುಳಿತು, ಅಪರಿಚಿತರ ಮೂರು ಗಂಟೆಗಳ ಶ್ರಮ ಹಾಳಾಗಬಾರದೆಂದು ಯೋಚಿಸಿ ಆ ಸಾಲುಗಳನ್ನು ಬರೆದವರಿಗೆ ನಾನು ಮನಸಾರೆ ಕೃತಜ್ಞಳು.

ಈಗ ಸಂಕೀರ್ಣ ಅಲರಿಪಿನ ಕೆಲಸ ಹಿಡಿದಿದ್ದೇನೆ. 9/4, ಮೂವತ್ತಾರು ಮನೆಗಳು, ತಕಧಿಮಿ ತಕ ತಕಿಟ. ಮಣೆಯ ಅಂಚಿನ ಹಗುರ ಪೆಟ್ಟಿನಲ್ಲಿ ಸಣ್ಣದೊಂದು ಗೊರಕೆಯ ಸದ್ದು ಸೇರಿಕೊಂಡಿದೆ, ಹಿಂದಿನ ತಾಳಗಳಲ್ಲಿ ಮುಚ್ಚಿಹೋಗಿದ್ದದ್ದು ಇದರ ದೀರ್ಘ ಮೌನಗಳಲ್ಲಿ ಎದ್ದು ಕೇಳಿಸುತ್ತಿದೆ. ನಾಳೆ ಐದು ಗಂಟೆಗೆ ಮತ್ತೆ ಕಂಬಳಿಗಳನ್ನು ಇಳಿಬಿಡಬೇಕು. ಈ ಸಲ ಬಲಗೈಯಲ್ಲೇ ಬಡಿಯುತ್ತೇನೆ.